ಅನುಮಾನ ಬಂದರೆ ಬಲಕ್ಕೆ

ಮನೆಯಿಂದ, ಅಡುಗೆಮನೆಯ ಕಿಟಕಿಯ ಪಕ್ಕ
ಭಾನುವಾರ, ಹದಿನಾಲ್ಕನೇ ತಾರೀಕು, ಬೆಳಗಿನ ಟೀ ಆದಮೇಲೆ

ಪ್ರೀತಿಯ ತಮ್ಮಾ,

ಮೊದಲು ನಿನ್ನ ಹಲ್ಲಿನ ಸಮಾಚಾರ ಹೇಳು. ಹೋದ ಸಲ ಫೋನಿನಲ್ಲಿ ದವಡೆ ಹಿಡಿದುಕೊಂಡು ಮಾತಾಡುತ್ತಿದ್ದೆ, ನನಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೀಯೇನು? ನಿನ್ನ ಮೂಗು ಒರೆಸಿ ಬೆಳೆಸಿದವಳು ಕಣೋ ನಾನು. ಎಂಜಿನ್ ಕೋಣೆಯ ಸೆಕೆಯಲ್ಲಿ ಬೆವರು ಸುರಿಸಿಕೊಂಡು ಬಂದು ತಣ್ಣೀರು ಗಟಗಟ ಕುಡಿಯುವುದನ್ನು ಬಿಡು, ಅರ್ಧ ಹಲ್ಲುನೋವು ಅಲ್ಲೇ ಹೋಗುತ್ತದೆ. ನಿನ್ನ ಫೋನು ಎಣ್ಣೆಗೆ ಬಿದ್ದು ಸತ್ತಮೇಲೆ ನಿನ್ನ ಹತ್ತಿರ ಗುಟ್ಟಾಗಿ ಒಂದು ಮಾತಾಡುವುದಕ್ಕೂ ದಾರಿಯಿಲ್ಲದಂತಾಗಿದೆ. ನೀನು ಹಡಗಿನ ಆಫೀಸಿನಿಂದ ಮನೆಯ ಫೋನಿಗೆ ಮಾಡುತ್ತೀ. ಅದನ್ನು ಅಪ್ಪ ಎತ್ತುತ್ತಾರೆ, ಅಪ್ಪ ಇಲ್ಲದಿದ್ದರೆ ಮಗಳ ಬಾಣಂತನಕ್ಕೆ ಬಂದಿರುವ ನಿಮ್ಮತ್ತೆ ಎತ್ತುತ್ತಾರೆ, ಉಳಿದವರು ಸುತ್ತ ನಿಂತು ಕಿವಿ ಕೊಡುತ್ತೇವೆ. ಅದಕ್ಕೇ ಈ ಕಾಗದ. ನಿಮ್ಮ ಹಡಗಿಗೆ ಹೊಸದಾಗಿ ಸೇರುವ ಎಲೆಕ್ಟ್ರಿಷಿಯನ್ ಇವತ್ತು ಮಧ್ಯಾಹ್ನ ಹೊರಡುತ್ತಾನೆ. ಬುಧವಾರ ನೀವು ದಡ ಮುಟ್ಟಿದಾಗ ಅವನು ಅಲ್ಲಿ ಹತ್ತುತ್ತಾನಂತೆ. ಹೋಗುವ ದಾರಿಯಲ್ಲಿ ನಮ್ಮ ಬಾಗಿಲಿಗೆ ಬಂದು ಕಾಗದ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಇದನ್ನು ಪೂರ್ತಿ ಓದುವವರೆಗೆ ಮನೆಗೆ ಫೋನು ಮಾಡಬೇಡ. ಇಷ್ಟು ವರ್ಷದಲ್ಲಿ ನಿನ್ನನ್ನು ಬೈದು ಕೇಳಿದ್ದೇ ಹೆಚ್ಚು, ಇವತ್ತು ಕೈಮುಗಿದು ಕೇಳುತ್ತಿದ್ದೇನೆ.

ಮಗು ಚೆನ್ನಾಗಿದೆ. ಈ ಮಾತನ್ನು ಬೇಕಾದರೆ ಎರಡು ಸಲ ಓದು. ಹೊಟ್ಟೆ ತುಂಬ ಹಾಲು ಕುಡಿಯುತ್ತದೆ, ಕುಡಿದದ್ದರಲ್ಲಿ ಸ್ವಲ್ಪ ನನ್ನ ಭುಜಕ್ಕೆ ವಾಪಸು ಕೊಡುತ್ತದೆ. ನಿದ್ದೆಯಲ್ಲಿ ಯಾರನ್ನೋ ಗದರಿಸುವವರ ಹಾಗೆ ಹುಬ್ಬು ಗಂಟಿಕ್ಕುತ್ತದೆ, ಅದು ನನ್ನ ಕಡೆಯಿಂದ ಬಂದಿರಬೇಕು. ಕಿವಿ ಮಾತ್ರ ನಿನ್ನದೇ, ಪಾಪ, ಅಷ್ಟಗಲ. ನಿನ್ನ ಹೆಂಡತಿಯ ಹೊಲಿಗೆ ಒಣಗಿದೆ, ನಡೆದಾಡುತ್ತಾಳೆ. ಅವಳ ಮನಸ್ಸಿನ ವಿಷಯ ಆಮೇಲೆ ಬರೆಯುತ್ತೇನೆ. ಹೆರಿಗೆಯಾದ ದಿನ ನೀನು ಫೋನಿನಲ್ಲಿ "ಏನು ಮಗು, ಏನು ಮಗು" ಎಂದು ಕೇಳುತ್ತಿದ್ದಾಗ ಲೈನು ಕಟ್ಟಾಯಿತಲ್ಲ, ಅದು ಕಟ್ಟಾದದ್ದಲ್ಲ. ಅಪ್ಪ ಬಟನ್ ಒತ್ತಿಬಿಟ್ಟರು. ಒತ್ತಿ, ಫೋನನ್ನು ಎದೆಗೆ ಅವಚಿಕೊಂಡು ನನ್ನ ಮುಖ ನೋಡಿದರು. ಮುಂದಿನ ಸಲ ನೀನು ಮಾಡಿದಾಗ ನಿಮ್ಮತ್ತೆ ಹೇಳಿದರು: ಹೆಣ್ಣು ಮಗು, ಹೊಕ್ಕುಳ ಹತ್ತಿರ ಏನೋ ಸಣ್ಣದು, ಒಂದು ಚಿಕ್ಕ ಆಪರೇಷನ್ ಆಗಬೇಕು, ಗಾಬರಿ ಬೇಡ. ನೀನು ಪಾಪ, ಡಾಕ್ಟರು ಹೇಳಿದ ಹಾಗೆ ಮಾಡಿ ಎಂದೆ.

ಹೊಕ್ಕುಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಮಗುವಿನ ತೊಂದರೆ ಏನೆಂದರೆ, ಹುಟ್ಟಿದ ಕೂಡಲೇ ಎತ್ತಿ ನೋಡಿದ ನರ್ಸಮ್ಮನಿಗೆ ಗಂಡು ಎಂದು ಹೇಳಲೂ ಆಗಲಿಲ್ಲ, ಹೆಣ್ಣು ಎಂದು ಹೇಳಲೂ ಆಗಲಿಲ್ಲ. ಅದರ ಗುರುತೂ ಸ್ವಲ್ಪ ಇದೆ, ಇದರ ಗುರುತೂ ಸ್ವಲ್ಪ ಇದೆ. ಅಷ್ಟೇ. ಬರೆದ ಮೇಲೆ ನೋಡಿದರೆ ಎರಡೇ ಸಾಲಿನ ವಿಷಯ, ಮನೆಯಲ್ಲಿ ಮಾತ್ರ ಅವತ್ತಿನಿಂದ ಯಾರೂ ಸರಿಯಾಗಿ ಕೂತು ಊಟ ಮಾಡಿಲ್ಲ. ಆಸ್ಪತ್ರೆಯ ಮಕ್ಕಳ ಡಾಕ್ಟರಮ್ಮ ಬಹಳ ಸಮಾಧಾನದ ಹೆಂಗಸು. ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಇಂಥ ಕೆಲವು ಮಕ್ಕಳಿಗೆ ದೇಹದಲ್ಲಿ ಉಪ್ಪು ನಿಲ್ಲುವುದಿಲ್ಲವಂತೆ, ಹಾಗಿದ್ದರೆ ಮಾತ್ರ ಗಂಡಾಂತರವಂತೆ. ನಮ್ಮದಕ್ಕೆ ಅದೇನೂ ಇಲ್ಲ. ಉಚ್ಚೆ ಸರಿಯಾಗಿ ಹೋಗುತ್ತದೆ, ತೂಕ ಏರುತ್ತಿದೆ. ಒಳಗೆ ಏನೇನಿದೆ ಎನ್ನುವುದಕ್ಕೆ ಇನ್ನೂ ಪರೀಕ್ಷೆಗಳು ಬರಬೇಕು. "ಹೀಗೆ ಹುಟ್ಟೋ ಮಕ್ಕಳು ಇರ್ತವೆ. ನೀವು ಕೇಳಿಲ್ಲ, ಯಾಕಂದ್ರೆ ಯಾರೂ ಹೇಳಲ್ಲ. ಇದು ಕಾಯೋ ವಿಷಯ, ಕತ್ತರಿಸೋ ವಿಷಯ ಅಲ್ಲ," ಎಂದರು. ಮಗು ದೊಡ್ಡದಾಗಿ ತಾನು ಏನು ಎಂದು ಅದೇ ಬಾಯಿಬಿಟ್ಟು ಹೇಳುವವರೆಗೂ ಕಾಯಬಹುದಂತೆ. ಆಪರೇಷನ್ ಮಾಡಿಬಿಟ್ಟರೆ ಆ ಜಾಗದ ಸ್ಪರ್ಶವೇ ಹೋಗಬಹುದು, ಮುಂದೆ ನೋವಿರಬಹುದು, ಹಿಂದಕ್ಕೆ ತರಲು ಆಗುವುದಿಲ್ಲ ಎಂದೂ ಹೇಳಿದರು. ಅಪ್ಪನಿಗೆ ಕಿವಿ ಮಂದ ಅಂತ ಮತ್ತೊಂದು ಸಲ ಜೋರಾಗಿಯೂ ಹೇಳಿದರು.

ಅಷ್ಟಾದರೂ ಸುಮ್ಮನಿರಬೇಕಲ್ಲ ನಮ್ಮವರು? ನಿಮ್ಮತ್ತೆ ಬೇರೆ ಕಡೆ ಒಬ್ಬ ಆಪರೇಷನ್ ಡಾಕ್ಟರನ್ನು ಹುಡುಕಿದರು. ಈಗಲೇ ಮಾಡಿಸಿದರೆ ಮಗುವಿಗೆ ನೆನಪೂ ಇರುವುದಿಲ್ಲ ಎಂದು ಅವರು ಹೇಳಿದರಂತೆ. ಹೆಣ್ಣು ಅಂತ ಮನೆಯವರು ತೀರ್ಮಾನ ಮಾಡಿದ್ದರೆ ಹೆಣ್ಣಿನ ಹಾಗೆ ಸರಿ ಮಾಡಿಕೊಡುತ್ತಾರಂತೆ. ಆಪರೇಷನ್ ಗುರುವಾರಕ್ಕೆ ನಿಗದಿಯಾಗಿದೆ. ತಾಯಿಯ ಸಹಿ ಬೇಕು, ತಂದೆ ದೂರ ಇರುವುದರಿಂದ ಅವನ ಬಾಯಿಂದಲೇ ಹೂಂ ಎನ್ನುವುದನ್ನು ಫೋನಿನಲ್ಲಿ ಕೇಳಬೇಕು ಎಂದಿದ್ದಾರೆ. ನೀನು ಬುಧವಾರ ಫೋನು ಮಾಡುತ್ತೀ ಎಂದು ಎಲ್ಲರೂ ಕಾಯುತ್ತಿದ್ದಾರೆ. ಅಲ್ಲಿಗೆ ಈ ಕಾಗದ ಮೊದಲು ಮುಟ್ಟುತ್ತದೋ ನಿಮ್ಮತ್ತೆಯ ಮಾತು ಮೊದಲು ಮುಟ್ಟುತ್ತದೋ ಎಂದು ನನ್ನ ಜೀವ ಬಾಯಿಗೆ ಬಂದಿದೆ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಬಾಗಿಲ ತನಕ ಹೋಗಿ ಬರುತ್ತೇನೆ. ಈಗ ಒಲೆಯ ಮೇಲೆ ಇಟ್ಟ ನೀರು ಉಕ್ಕಿ ಒಲೆ ಆರಿಹೋಯಿತು, ಎದುರಿಗೇ ಕೂತಿದ್ದರೂ ಗೊತ್ತಾಗಲಿಲ್ಲ ನೋಡು.

ಇನ್ನು ಮನೆಯವರು ಹೆಣ್ಣು ಅಂತ ತೀರ್ಮಾನ ಮಾಡಿದ್ದು ಯಾರ ಮಾತಿನ ಮೇಲೆ ಎಂದು ಕೇಳುತ್ತೀಯಲ್ಲ? ನನ್ನ ಮಾತಿನ ಮೇಲೆ. ಹೌದು, ನಿನ್ನ ಅಕ್ಕನ ಮಾತಿನ ಮೇಲೆ. ಆಸ್ಪತ್ರೆಯಿಂದ ಮಗುವನ್ನು ಮನೆಗೆ ಕರೆತಂದ ದಿನ ನಾನು ಹ್ಯಾಚರಿಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ನೀನು ಹೋದ ಮೇಲೆ ಹೊಸ ಹುಡುಗಿಯರಿಗೆ ಕೋಳಿಮರಿಗಳಲ್ಲಿ ಗಂಡು ಹೆಣ್ಣು ವಿಂಗಡಿಸುವುದು ಕಲಿಸುವ ಕೆಲಸ ನನಗೆ ಬಂದಿದೆ. ದಿನವೆಲ್ಲ ದೀಪದ ಕೆಳಗೆ ಮರಿ ಎತ್ತಿ, ಹೆಬ್ಬೆರಳು ಒತ್ತಿ, ಗಟ್ಟಿಯಾಗಿ ಕೂಗಬೇಕು: ಹೆಣ್ಣು, ಹೆಣ್ಣು, ಗಂಡು, ಹೆಣ್ಣು. ಅವರು ತಮ್ಮ ಕೈಯಲ್ಲಿನ ಮರಿಯನ್ನು ನೋಡಿ ಹಾಗೇ ಕೂಗುತ್ತಾರೆ. ಸಂಜೆಯಾದರೂ ಬಾಯಿ ನಿಲ್ಲುವುದಿಲ್ಲ, ಮೊನ್ನೆ ಅಂಗಡಿಯಲ್ಲಿ ಈರುಳ್ಳಿ ಆರಿಸುವಾಗಲೂ ಹೆಣ್ಣು ಗಂಡು ಅಂದುಕೊಂಡೇ ಬುಟ್ಟಿಗೆ ಹಾಕಿದೆ. ಅವತ್ತು ಒಳಗೆ ಬರುತ್ತಿದ್ದ ಹಾಗೇ ನೋಡುತ್ತೇನೆ, ನಿಮ್ಮತ್ತೆ ಮಗುವನ್ನು ಅಪ್ಪನ ಗಡಿಯಾರ ರಿಪೇರಿಯ ಮೇಜಿನ ಮೇಲೆ ಮಲಗಿಸಿದ್ದಾರೆ. ಮುಳ್ಳು, ಚಕ್ರ ಎಲ್ಲ ಒಂದು ಕಡೆ ಸರಿಸಿ ಟವೆಲ್ ಹಾಸಿದ್ದಾರೆ, ಮೇಜಿನ ದೀಪ ಹಾಕಿದ್ದಾರೆ. ಅಪ್ಪ ಪಕ್ಕದಲ್ಲಿ ಕಣ್ಣಿಗೆ ಹಾಕುವ ಭೂತಗನ್ನಡಿ ಕೈಯಲ್ಲಿ ಹಿಡಿದು ನಿಂತಿದ್ದಾರೆ. ನಿನ್ನ ಹೆಂಡತಿ ಮಾತ್ರೆಯ ಮಂಪರಿನಲ್ಲಿ ಒಳಗೆ ಮಲಗಿದ್ದಳು. "ಲಕ್ಷಗಟ್ಲೆ ನೋಡಿದ್ದೀರಿ ನೀವು. ಒಂದು ಸಲ ನೋಡಿ ಹೇಳ್ಬಿಡಿ, ನಮಗೂ ನಿದ್ದೆ ಬರ್ಲಿ," ಎಂದರು ನಿಮ್ಮತ್ತೆ.

ನಾನು ಬೇಡ ಅನ್ನಬೇಕಿತ್ತು. ಆದರೆ ಆ ದೀಪ, ಆ ಮೇಜು, ಕೈಗೆ ಬಂದ ಆ ಬಿಸಿ ಮೈ. ಮಗುವನ್ನು ಎತ್ತಿಕೊಂಡೆ, ನನ್ನ ಬಲಗಡೆಗೆ ಇಳಿಸಿದೆ, ಬಾಯಿಂದ "ಹೆಣ್ಣು" ಎಂದು ಬಂದುಬಿಟ್ಟಿತು. ಎಲ್ಲ ಒಂದೇ ಉಸಿರಿನಲ್ಲಿ ಮುಗಿಯಿತು. ಅಪ್ಪ ಕುರ್ಚಿಯಲ್ಲಿ ಕುಸಿದು ಕೂತರು, ನಿಮ್ಮತ್ತೆ ಕಣ್ಣೊರೆಸಿಕೊಂಡರು. "ಇವಳ ಕೈ ತಪ್ಪಿದ್ದೇ ಇಲ್ಲ," ಎಂದರು ಅಪ್ಪ. ಅವರು ನನ್ನನ್ನು ಹೊಗಳಿದ್ದು ಹುಟ್ಟಿದ ಮೇಲೆ ಅದೇ ಮೊದಲು, ಅದೂ ಇಂಥ ವಿಷಯಕ್ಕೆ.

ನಿನಗೆ ನನ್ನ ಕೆಲಸ ಗೊತ್ತು, ಆದರೂ ಒಂದು ಮಾತು ನಿನಗೆ ಹೇಳಿರಲಿಕ್ಕಿಲ್ಲ. ನಮ್ಮದು ಮೊಟ್ಟೆಕೋಳಿಯ ಹ್ಯಾಚರಿ. ಎಡಗಡೆ ಪೆಟ್ಟಿಗೆ ಗಂಡಿನದು, ಮೊಟ್ಟೆ ಇಡದ ಮರಿ ಅಲ್ಲಿ ಯಾರಿಗೂ ಬೇಡ, ಎಡಕ್ಕೆ ಬಿದ್ದದ್ದು ಸಂಜೆ ಕಾಣುವುದಿಲ್ಲ. ಬಲಗಡೆಯದು ಬದುಕುತ್ತದೆ. ಹೊರಗಿನವರು ತಿಳಿದುಕೊಂಡಿರುವುದು, ನಾವು ಒತ್ತಿ ನೋಡಿದ ಕೂಡಲೇ ಪ್ರತಿ ಮರಿಯೂ ತಾನು ಇಂಥದ್ದು ಎಂದು ಹೇಳಿಬಿಡುತ್ತದೆ ಅಂತ. ಎಲ್ಲಿ? ಕೆಲವು ಏನೂ ಹೇಳುವುದಿಲ್ಲ. ದಿನಾ ಬರುತ್ತವೆ ಅಂಥವು, ಪೂರ್ತಿ ಅದೂ ಅಲ್ಲ, ಪೂರ್ತಿ ಇದೂ ಅಲ್ಲ. ನನಗೆ ಕೆಲಸ ಕಲಿಸಿದ ಮುದುಕಿ ಮೊದಲ ದಿನವೇ ಹೇಳಿದ್ದಳು: "ಅನುಮಾನ ಬಂತಾ? ಬಲಕ್ಕೆ ಹಾಕು, ಹೆಣ್ಣು ಅನ್ನು. ಬೆಳೀಲಿ. ಬೆಳೆದ ಮೇಲೆ ಅದೇ ಹೇಳುತ್ತೆ." ಅವತ್ತಿನಿಂದ ಇವತ್ತಿನವರೆಗೆ ಗೊತ್ತಾಗದ ಮರಿಯನ್ನೆಲ್ಲ ನಾನು ಹಾಗೇ ಹೆಣ್ಣು ಎಂದು ಕೂಗಿ ಬಲಕ್ಕೆ ಹಾಕಿದ್ದೇನೆ. ಈಗ ಅರ್ಥವಾಯಿತೇನೋ? ನನಗೆ ಗೊತ್ತಾಗಲಿಲ್ಲ. ಗೊತ್ತಾಗದ್ದನ್ನು ಬದುಕಲು ಬಿಡುವ ಕಡೆಗೆ ನನ್ನ ಕೈ ತಾನಾಗಿ ಹೋಯಿತು, ಬಾಯಿ ಅದರ ಹಿಂದೆ ಹೋಯಿತು. ಅದನ್ನೇ ಹಿಡಿದುಕೊಂಡು ಇವರು ಮಗುವನ್ನು ಚಾಕುವಿನ ಕೆಳಗೆ ಮಲಗಿಸಲು ಹೊರಟಿದ್ದಾರೆ.

ಮರುದಿನ ಬೆಳಗ್ಗೆಯೇ ಹೇಳಿದೆ, ನನ್ನ ಮಾತು ಮಾತಲ್ಲ, ಅದು ಕೆಲಸದ ಅಭ್ಯಾಸ, ಬಿಟ್ಟುಬಿಡಿ ಎಂದು. ಯಾರು ಕೇಳುತ್ತಾರೆ? ನಿಮ್ಮತ್ತೆ ನನಗೆ ಧೈರ್ಯ ಸಾಲದು ಅಂದುಕೊಂಡರು. ಅಪ್ಪ ಕಿವಿ ಕೇಳಿಸದವರ ಹಾಗೆ ಕೂತರು, ಬೇಕಾದಾಗ ಅವರಿಗೆ ಕೇಳಿಸುವುದೇ ಇಲ್ಲವಲ್ಲ. ಆಮೇಲೆ ಅಂದರು, "ಗಡಿಯಾರ ಅಂದ್ಮೇಲೆ ಮುಳ್ಳು ಒಂದು ಕಡೆ ತೋರಿಸ್ಬೇಕಮ್ಮ." ಅಪ್ಪಾ, ಇದು ಗಡಿಯಾರ ಅಲ್ಲ, ನಿಮ್ಮ ಮೊಮ್ಮಗು ಎಂದು ಕೂಗಿಬಿಟ್ಟೆ. ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಅಪ್ಪನನ್ನಾಗಲಿ ನಿಮ್ಮತ್ತೆಯನ್ನಾಗಲಿ ಕೆಟ್ಟವರು ಎಂದು ತಿಳಿಯಬೇಡ ನೀನು, ಅವರು ಹೆದರಿದ್ದಾರೆ. ನಾಳೆ ಶಾಲೆಯಲ್ಲಿ ಏನಂತ ಬರೆಸುವುದು, ಬೀದಿಯವರು ಕೇಳಿದರೆ ಏನು ಹೇಳುವುದು, ನಾವು ಸತ್ತ ಮೇಲೆ ಇದಕ್ಕೆ ಯಾರು ಎಂದು ನಿಮ್ಮತ್ತೆ ಬಾಯಿ ಬಡಿದುಕೊಳ್ಳುತ್ತಾರೆ. ಬೀದಿಯವರು ಕೇಳಿದರೆ ಮಗು ಎಂದು ಹೇಳಿ ಎಂದೆ ನಾನು. ಅದಕ್ಕೆ ಅವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಒಳ್ಳೆಯದೇ ಆಯಿತು, ಕಾಗದ ಬರೆಯಲು ಸ್ವಲ್ಪ ನೆಮ್ಮದಿ ಸಿಕ್ಕಿದೆ.

ನಮ್ಮ ಮೇಡಂ ನೆನಪಿದೆಯಾ ನಿನಗೆ? ಮರೆತಿರಲಾರೆ. ನಾನೇ ಬಲಗಡೆ ಪೆಟ್ಟಿಗೆಯಿಂದ ತಂದ ಮರಿ, ತಾರಸಿಯ ಮೇಲಿನ ಗೂಡಿನಲ್ಲಿ ಬೆಳೆದದ್ದು. ನಡೆಯುವ ಗತ್ತು ನೋಡಿ ನೀನೇ ಹೆಸರಿಟ್ಟೆ. ಎಷ್ಟು ಮೊಟ್ಟೆ ಇಟ್ಟಿತು, ಅದರ ಮೊಟ್ಟೆ ತಿಂದೇ ನೀನು ಇಷ್ಟುದ್ದ ಬೆಳೆದೆ. ಆಮೇಲೆ ಒಂದು ಬೇಸಿಗೆಯಲ್ಲಿ ಮೊಟ್ಟೆ ನಿಂತಿತು, ಜುಟ್ಟು ಕೆಂಪಗಾಗಿ ದಪ್ಪವಾಯಿತು, ಕಾಲಿಗೆ ಮುಳ್ಳು ಬಂತು, ಕೊನೆಗೆ ಒಂದು ಬೆಳಗ್ಗೆ ಕತ್ತೆತ್ತಿ ಕೂಗಿಯೇಬಿಟ್ಟಿತು. ಬೀದಿಯವರೆಲ್ಲ ತಾರಸಿಯ ಕಡೆ ನೋಡಿದರು. ಹ್ಯಾಚರಿಯಲ್ಲಿ ನನ್ನನ್ನು ರೇಗಿಸಿದ್ದೇ ರೇಗಿಸಿದ್ದು, ಅಕ್ಕನ ಕೈಯೂ ಕೊಟ್ಟಿತು, ಹುಂಜವನ್ನು ಹೆಣ್ಣು ಅಂದಳು ಎಂದು. ನನಗೆ ಉರಿದುಹೋಯಿತು. ಹಾಗಾದರೆ ಇಷ್ಟು ದಿನ ನಾನು ಬೇಯಿಸಿ ತಿನ್ನಿಸಿದ ಮೊಟ್ಟೆ ಯಾರಪ್ಪನದು ಎಂದು ಜಗಳಕ್ಕೇ ಹೋದೆ. ಕೊನೆಗೆ ಕೋಳಿ ಡಾಕ್ಟರು ಬಿಡಿಸಿ ಹೇಳಿದರು. ಗಳಿಗೆಗೊಂದು ಲೋಟ ಟೀ ಕುಡಿಯುವ ಆ ಡಾಕ್ಟರೇ, ನಿನಗೂ ಗೊತ್ತಲ್ಲ. ಕೋಳಿಗೆ ಮೊಟ್ಟೆ ಮಾಡುವುದು ಎಡಗಡೆಯ ಅಂಗ ಒಂದೇ. ಅದಕ್ಕೆ ಕಾಯಿಲೆ ಬಂದು ಒಣಗಿದರೆ, ಬಲಗಡೆ ಸುಮ್ಮನೆ ಮಲಗಿದ್ದದ್ದು ಕೆಲವೊಮ್ಮೆ ಎದ್ದು ಹುಂಜದ ಕೆಲಸ ಶುರುಮಾಡುತ್ತದಂತೆ. ಅಕ್ಕನ ಕೈಯೂ ತಪ್ಪಿಲ್ಲ, ಕೋಳಿಯೂ ತಪ್ಪು ಮಾಡಿಲ್ಲ ಎಂದು ಟೀ ಕುಡಿದು ಎದ್ದುಹೋದರು.

ಆದರೆ ಮನೆಯಲ್ಲಿ ಅಪ್ಪ ಬಿಡಲಿಲ್ಲವಲ್ಲ. ಕೂಗುವ ಹೇಟೆ ಮನೆಯಲ್ಲಿ ಬೇಡ, ಮಾಂಸದ ಅಂಗಡಿಗೆ ಕೊಟ್ಟುಬಿಡಿ ಎಂದು ಚೀಲ ಹಿಡಿದು ತಾರಸಿ ಹತ್ತಿದರು. ನಾನು ಕೆಳಗೇ ನಿಂತಿದ್ದೆ. ಗೂಡಿನ ಬಾಗಿಲಿಗೆ ಅಡ್ಡ ನಿಂತವನು ನೀನು, ಶಾಲೆಯ ಚಡ್ಡಿಯಲ್ಲಿ, ಮೂಗು ಸೋರಿಸಿಕೊಂಡು. "ಅದಕ್ಕೇನೂ ಆಗಿಲ್ಲಪ್ಪ. ಅದು ಆರಾಮಾಗಿದೆ. ನಿಮಗೇ ಏನೋ ಆಗಿದೆ," ಎಂದೆ. ಅಪ್ಪ ಕೆನ್ನೆಗೆ ಬಾರಿಸಿದರು. ನೀನು ಅಳುತ್ತ ಅಲ್ಲೇ ನಿಂತೆ. ಚೀಲ ಖಾಲಿಯೇ ಕೆಳಗೆ ಬಂತು. ಆಮೇಲೆ ಮೇಡಂ ಎಷ್ಟು ಕಾಲ ಬದುಕಿತು ನೋಡು! ಉಳಿದ ಕೋಳಿಗಳ ಹತ್ತಿರ ಬೆಕ್ಕು ಸುಳಿಯಲು ಬಿಡಲಿಲ್ಲ, ಕಾಳು ಸಿಕ್ಕರೆ ಮೊದಲು ಅವನ್ನೆಲ್ಲ ಕರೆಯುತ್ತಿತ್ತು. ಕೊನೆಕೊನೆಗೆ ಅಪ್ಪನೇ ಅದರ ಕೂಗಿಗೆ ಎದ್ದು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಅದು ಸತ್ತ ದಿನ ಅಂಗಡಿ ತೆಗೆಯಲಿಲ್ಲ, ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿದರು. ಕಾಗದ ಬರೆಯುತ್ತ ನನಗೆ ನಗುವೂ ಬರುತ್ತಿದೆ, ಅಳುವೂ ಬರುತ್ತಿದೆ.

ಕೋಳಿಯ ಕಥೆಗೂ ಮಗುವಿಗೂ ಏನು ಸಂಬಂಧ, ಅಕ್ಕನಿಗೆ ತಲೆ ಕೆಟ್ಟಿದೆ ಅನ್ನಬೇಡ. ಮಗು ಕೋಳಿಯಲ್ಲ ಎಂದು ನನಗೂ ಗೊತ್ತು. ಮೇಡಂಗೆ ಆದದ್ದು ನಡುವೆ ಬಂದ ಕಾಯಿಲೆಯಿಂದ, ಮಗು ಹುಟ್ಟಿದ್ದೇ ಹೀಗೆ, ಅದೂ ಬೇರೆ ಇದೂ ಬೇರೆ. ಆದರೆ ಇಷ್ಟು ವರ್ಷ ನಾನು ನೋಡಿದ್ದನ್ನು ನೋಡಿಲ್ಲ ಅನ್ನಲಾ? ನಮ್ಮ ಸಾಕಣೆ ಶೆಡ್ಡಿನಲ್ಲಿ ಒಮ್ಮೆ ಒಂದು ಹಕ್ಕಿ ಬಂದಿತ್ತು, ಒಂದು ಪಕ್ಕದಿಂದ ನೋಡಿದರೆ ಹುಂಜ, ಆ ಕಡೆ ಹೋಗಿ ನೋಡಿದರೆ ಹೇಟೆ. ನಡುವೆ ಗೆರೆ ಎಳೆದ ಹಾಗೆ. ಟೀ ಡಾಕ್ಟರು ಅದನ್ನು ಯಾರಿಗೂ ಮುಟ್ಟಲು ಬಿಡದೆ ತಮ್ಮ ಕೋಣೆಯ ಹಿಂದೆ ಸಾಕಿಕೊಂಡರು. ಹ್ಯಾಚರಿಯ ಗೇಟಿನ ಹತ್ತಿರ ಕೊಳದಲ್ಲಿ ಎರಡು ಬಾತುಗಳಿವೆ, ಎರಡೂ ಗಂಡು, ಬಂದಾಗಿನಿಂದ ಒಂದನ್ನೊಂದು ಬಿಟ್ಟಿಲ್ಲ. ಕಾವಲುಗಾರ ಪಾಪ ನೋಡಲಾರದೆ ಎಲ್ಲಿಂದಲೋ ಒಂದು ಹೆಣ್ಣು ಬಾತು ತಂದು ಬಿಟ್ಟ. ಅದರ ಕಡೆ ಅವು ತಿರುಗಿಯೂ ನೋಡಲಿಲ್ಲ, ಎರಡೂ ಸೇರಿ ಕಾವಲುಗಾರನ ಹಿಮ್ಮಡಿಗೇ ಕುಟುಕಿದವು. ಈಗ ಅವನೇ "ನಮ್ಮ ಜೋಡಿ ಊಟ ಮಾಡ್ತಾ?" ಎಂದು ಕೇಳಿ ಕಾಳು ಹಾಕುತ್ತಾನೆ. ನಾನು ಬರೆಯುತ್ತಿರುವ ಈ ಕಿಟಕಿಯ ಗಾಜಿನ ಮೇಲೆ ಒಂದು ಬಸವನಹುಳು ಹತ್ತುತ್ತಿದೆ. ಅದು ಗಂಡೂ ಹೌದು ಹೆಣ್ಣೂ ಹೌದು, ಹುಟ್ಟಿನಿಂದಲೇ, ಅದರ ಕುಲವೆಲ್ಲ ಹಾಗೇ. ನಾನು ಎದ್ದು ಕೂತು ಎದ್ದು ಕೂತು ಸಾಯುತ್ತಿದ್ದೇನೆ, ಅದು ಆರಾಮವಾಗಿ ಅರ್ಧ ಗಾಜು ದಾಟಿದೆ. ಇವನ್ನೆಲ್ಲ ನೋಡಿಕೊಂಡೇ ನಾನು ದಿನಾ ಎರಡೇ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ. ಪೆಟ್ಟಿಗೆ ಎರಡು ಇರುವುದು ಹ್ಯಾಚರಿಯ ಅನುಕೂಲಕ್ಕೆ, ಮರಿಗಳನ್ನು ಕೇಳಿ ಮಾಡಿದ್ದಲ್ಲ.

ಈಗ ನಿನ್ನ ಹೆಂಡತಿಯ ವಿಷಯ. ಆಸ್ಪತ್ರೆಯಿಂದ ಬಂದ ಮರುದಿನದಿಂದ ಅವಳು ಮಗುವಿನ ಬಟ್ಟೆ ಬದಲಾಯಿಸಲು ಯಾರನ್ನೂ ಬಿಡುವುದಿಲ್ಲ. ಬಾಗಿಲು ಹಾಕಿಕೊಂಡು ತಾನೇ ಮಾಡುತ್ತಾಳೆ. ಮೇಜಿನ ಮೇಲೆ ನಡೆದದ್ದು ಅವಳಿಗೆ ಗೊತ್ತಾದಾಗ ನನ್ನ ಮುಖ ನೋಡಲಿಲ್ಲ, ನಾನು ಅವಳ ಕಾಲಿಗೆ ಬೀಳುವುದೊಂದು ಬಾಕಿ. ಪ್ರೆಸ್ಸಿನಲ್ಲಿ ಕೂತು ಊರಿನವರ ಬರಹವನ್ನೆಲ್ಲ ತಿದ್ದುವವಳು, ಒಂದು ಅಕ್ಷರ ಹೆಚ್ಚಾದರೆ ಪೆನ್ನು ಎತ್ತುವವಳು, ಈಗ ಅವಳ ಅಮ್ಮ ಏನು ಹೇಳಿದರೂ ಗೋಡೆ ನೋಡಿಕೊಂಡು ಕೂತಿರುತ್ತಾಳೆ. ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ. ನಿನ್ನೆ ನಾನು ಹಾಲಿನ ಲೋಟ ಕೊಡಲು ಹೋದಾಗ ಮೆಲ್ಲಗೆ ಒಂದು ಮಾತು ಹೇಳಿದಳು: "ಅಕ್ಕಾ, ಮಗು ಅಳ್ತಾನೇ ಇಲ್ಲ ನೋಡಿ. ಅಳ್ತಿರೋದು ನಾವೇ." ಆಮೇಲೆ, ಅವರು ಏನು ಅಂತಾರೋ ಎಂದಳು. ಅವರು ಎಂದರೆ ನೀನು. ಅಮ್ಮನಿಗೆ ಎದುರು ನಿಲ್ಲಲು ಅವಳಿಗೆ ಬಲ ಸಾಲದೆ ಅಲ್ಲ, ನಿನಗೆ ಇಂಥ ಮಗು ಬೇಡವೋ ಏನೋ ಎಂಬ ಭಯ ಅವಳನ್ನು ತಿನ್ನುತ್ತಿದೆ. ನೀನು ಅಂಥವನಲ್ಲ ಎಂದೆ. ಅವರು ಹೇಳಿಲ್ಲವಲ್ಲ ಅಕ್ಕಾ ಎಂದಳು. ಆಗಲೇ ಹೋಗಿ ಹಾಳೆ, ಪೆನ್ನು ಹುಡುಕಿಟ್ಟೆ.

ಆದ್ದರಿಂದ ತಮ್ಮಾ, ನೀನೇ ಯೋಚನೆ ಮಾಡು, ಆದರೆ ಬೇಗ ಮಾಡು. ನಿನಗೆ ಆಘಾತವಾಗಿದ್ದರೆ ಆಗಲಿ, ನನಗೂ ಆಯಿತು. ಹಡಗಿನ ಡೆಕ್ಕಿಗೆ ಹೋಗಿ ನಿಂತು ಗಾಳಿ ತಗೋ, ಬೇಕಾದರೆ ನನ್ನನ್ನು ಬೈ, ಅಳಬೇಕೆನಿಸಿದರೆ ಅಳು. ನಾಳೆ ಈ ಮಗು ಬೆಳೆದು ನಾನು ಹುಡುಗಿ ಅನ್ನಬಹುದು, ಹುಡುಗ ಅನ್ನಬಹುದು, ಇನ್ನೇನೋ ಅನ್ನಬಹುದು. ಹೆಣ್ಣು ಎಂದು ನಾನು ಕೂಗಿದ್ದೇ ಕೊನೆಗೆ ಸರಿಯಾದರೂ ಆಗಬಹುದು, ಯಾರಿಗೆ ಗೊತ್ತು. ಏನೇ ಆಗಲಿ, ಅದನ್ನು ಹೇಳಬೇಕಾದ್ದು ಅದರ ಬಾಯಿ, ನನ್ನ ಬಾಯಲ್ಲ. ಅಲ್ಲಿಯವರೆಗೆ ಅದರ ಮೈಯಲ್ಲಿ ಇರುವುದೆಲ್ಲ ಅದರದ್ದೇ, ಹಾಗೇ ಇರಲಿ. ದಾರಿ ಸುಲಭ ಎಂದು ನಾನು ಹೇಳುತ್ತಿಲ್ಲ. ಜನ ಮಾತಾಡುತ್ತಾರೆ, ನಾವೂ ದಿನಾ ಒಂದೊಂದು ತಪ್ಪು ಮಾಡುತ್ತೇವೆ. ಆದರೆ ಅವಸರಕ್ಕೆ ಬಿದ್ದು ಮಾಡಿದ ತಪ್ಪನ್ನು ಆಮೇಲೆ ತಿದ್ದಿಕೊಳ್ಳಲು ಜಾಗವೇ ಇರುವುದಿಲ್ಲ. ಡಾಕ್ಟರಮ್ಮ ನಿನ್ನೊಂದಿಗೆ ಮಾತಾಡಲು ತಯಾರಿದ್ದಾರೆ, ಅವರ ನಂಬರು ಈ ಹಾಳೆಯ ಹಿಂದೆ ಬರೆದಿದ್ದೇನೆ. ಮೊದಲು ಅವರಿಗೆ ಮಾಡು, ಅನುಮಾನ ಇರುವುದನ್ನೆಲ್ಲ ಕೇಳು, ಆಮೇಲೆ ಮನೆಗೆ ಮಾಡು.

ಅಪ್ಪ ಎರಡು ಸಲ ಇತ್ತ ಬಂದು ಹೋದರು, ಏನು ಅಷ್ಟುದ್ದ ಬರೀತಾ ಇದ್ದೀಯ ಎಂದು. ಹಲ್ಲುನೋವಿಗೆ ಔಷಧಿ ಬರೆಯುತ್ತಿದ್ದೇನೆ ಎಂದೆ. ಲವಂಗ ಇಟ್ಕೊಳ್ಳೋಕೆ ಹೇಳು ಎಂದರು. ಹೇಳಿದ್ದೇನೆ, ಇಟ್ಟುಕೋ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ. ಎಂಜಿನ್ನಿನ ಹತ್ತಿರ ಅಂಗಿಯ ತೋಳು ಮಡಚದೆ ಹೋಗಬೇಡ. ಎಲ್ಲಿದ್ದರೂ ನಿನ್ನ ಮೈ ಮನಸ್ಸು ಗಟ್ಟಿಯಾಗಿರಲಿ, ನಿನ್ನ ಮಗುವಿನ ಅಗಲ ಕಿವಿಯನ್ನು ನೀನೇ ಬಂದು ಹಿಂಡುವ ಹಾಗಾಗಲಿ.

ನಿನ್ನನ್ನು ಬೈಯುವುದಕ್ಕೆಂದೇ ಇರುವ,
ಅಕ್ಕ

ತಾ.ಕ.: ಎಲೆಕ್ಟ್ರಿಷಿಯನ್ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಕಾಗದ ಮಡಚುವಷ್ಟರಲ್ಲಿ ನಿನ್ನ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ಕೈ ಚಾಚಿದಳು. ನಿಂತಲ್ಲೇ ಎಲ್ಲ ಓದಿದಳು. ಮೇಡಂ ಬಂದ ಕಡೆ ನಕ್ಕಳು, ಹೆರಿಗೆಯಾದ ಮೇಲೆ ನಕ್ಕದ್ದು ಇದೇ ಮೊದಲು. ಆಮೇಲೆ ಮೊದಲನೇ ಹಾಳೆಗೆ ಹೋಗಿ, ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. "ಮಗುವಿನ ತೊಂದರೆ ಏನೆಂದರೆ" ಎಂದು ನಾನು ಬರೆದಿದ್ದೆನಲ್ಲ, ಅಲ್ಲಿ "ತೊಂದರೆ" ಎನ್ನುವುದರ ಮೇಲೆ ಗೀಟು ಎಳೆದು, ಪ್ರೆಸ್ಸಿನಲ್ಲಿ ಬೇಡವಾದದ್ದಕ್ಕೆ ಹಾಕುವ ಸುರುಳಿ ಗುರುತು ಹಾಕಿದಳು. ಆ ಗೀಟು ನನ್ನದಲ್ಲ, ಅವಳದು. ಅವಳ ತೀರ್ಮಾನ ಆಗಿದೆ. ಬುಧವಾರ ಫೋನನ್ನು ಅವಳೇ ಎತ್ತುತ್ತಾಳಂತೆ. ಏನು ಮಗು ಎಂದು ಮಾತ್ರ ಕೇಳಬೇಡ. ಹಾಲು ಕುಡಿಯಿತಾ ಎಂದು ಕೇಳು.